ಒಂದೇ ಹೆಣ್ಣು, ಎರಡು ಅಂಗಳ: ಇಗ್ಬೋ ಸಮಾಜದಲ್ಲಿ ಹೆಂಡತಿ, ತಾಯಿ, ಮನೆಮಗಳು

ನೈಜೀರಿಯದ ಇಗ್ಬೋ ಸಮಾಜದಲ್ಲಿ ಹೆಂಗಸಿನ ಸ್ಥಾನ ಮೇಲಿತ್ತೋ ಕೆಳಗಿತ್ತೋ ಎಂದು ಹುಡುಕಹೊರಟವರಿಗೆ ಎರಡು ತದ್ವಿರುದ್ಧ ಉತ್ತರಗಳು ಎದುರಾಗುತ್ತವೆ. ಗಂಡ ಹೇಳಿದ್ದಕ್ಕೆ ತಲೆಬಾಗುವ, ಹೊಲದಲ್ಲೂ ಅಡುಗೆಮನೆಯಲ್ಲೂ ಬೆನ್ನು ಮುರಿಯುವಂತೆ ದುಡಿಯುವ, ಆಸ್ತಿಯಲ್ಲಿ ಪಾಲಿಲ್ಲದ ಹೆಂಗಸು ಒಬ್ಬಳು. ಊರಿನ ಗಂಡಸರನ್ನೇ ನಡುಗಿಸುವ, ಸಂತೆಯನ್ನು ಆಳುವ, ಬ್ರಿಟಿಷ್ ಸರ್ಕಾರದ ಮೇಲೆ ಯುದ್ಧ ಸಾರಿದ ಹೆಂಗಸು ಇನ್ನೊಬ್ಬಳು. ಇಬ್ಬರಲ್ಲಿ ಯಾರು ನಿಜ ಎಂದು ವಾದಿಸಿದವರು ಬಹಳ ಮಂದಿ. ನನಗನ್ನಿಸುವಂತೆ ಇಬ್ಬರೂ ಒಬ್ಬಳೇ. ನೋಡಿದವರು ನಿಂತಿದ್ದ ಅಂಗಳ ಮಾತ್ರ ಬೇರೆ.

ಮಧ್ಯವಯಸ್ಸಿನ ಇಗ್ಬೋ ಗೃಹಿಣಿಯೊಬ್ಬಳ ಒಂದು ದಿನವನ್ನು ಊಹಿಸಿಕೊಳ್ಳಿ. ಬೆಳಗ್ಗೆ ಅವಳು ಗಂಡನ ಊರಿನಲ್ಲಿದ್ದಾಳೆ. ಅಲ್ಲಿ ಅವಳು ಹೊರಗಿನಿಂದ ಬಂದವಳು. ಆ ವಂಶದ ಗಂಡಸರ ಸಭೆಯಲ್ಲಿ ಅವಳಿಗೆ ಮಾತಿಲ್ಲ. ಅತಿಥಿ ಬಂದಾಗ ಒಡೆಯುವ ಕೋಲಾ ಕಾಯಿಯನ್ನು ಅವಳು ತಂದಿಡಬಹುದು, ಒಡೆಯುವಂತಿಲ್ಲ. ಅಷ್ಟರಲ್ಲಿ ತವರಿನಿಂದ ಸಾವಿನ ಸುದ್ದಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವಳು ತಾನು ಹುಟ್ಟಿದ ಊರಿನಲ್ಲಿ, ತನ್ನಂತೆಯೇ ಹೊರಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಗುಂಪಿನಲ್ಲಿ ಕುಳಿತಿದ್ದಾಳೆ. ಅಣ್ಣತಮ್ಮಂದಿರ ಹೆಂಡತಿಯರು ಓಡಾಡಿಕೊಂಡು ಇವರಿಗೆ ನೀರು ಕೊಡುತ್ತಾರೆ, ಅಡುಗೆ ಮಾಡಿ ಬಡಿಸುತ್ತಾರೆ, ತಪ್ಪಾದರೆ ಇವರ ಮುಂದೆ ನಿಂತು ಉತ್ತರ ಹೇಳುತ್ತಾರೆ. ಬೆಳಗ್ಗೆ ಸೊಸೆಯಾಗಿದ್ದವಳು ಮಧ್ಯಾಹ್ನಕ್ಕೆ ನಾದಿನಿ.

ಇಗ್ಬೋ ಜನರ ನೆಲೆ ಆಗ್ನೇಯ ನೈಜೀರಿಯ. ಅನಂಬ್ರಾ, ಎನುಗು, ಇಮೊ, ಅಬಿಯಾ, ಎಬೊನ್ಯಿ ಈ ಐದು ರಾಜ್ಯಗಳಲ್ಲಿ ಅವರೇ ಬಹುಸಂಖ್ಯಾತರು. ನೈಜರ್ ನದಿಯ ಪಶ್ಚಿಮ ದಂಡೆಯ ಡೆಲ್ಟಾ ರಾಜ್ಯದಲ್ಲೂ ಇದ್ದಾರೆ. ‘ಇಗ್ಬೋಗಳಿಗೆ ರಾಜನಿಲ್ಲ’ ಎಂಬುದು ಅವರದೇ ಮಾತು. ಒನಿಟ್ಶಾದಂಥ ಕೆಲವು ಊರುಗಳನ್ನು ಬಿಟ್ಟರೆ ಅಧಿಕಾರ ಹಂಚಿಹೋಗಿದ್ದುದು ವಂಶಗಳಲ್ಲಿ, ವಯೋಗುಂಪುಗಳಲ್ಲಿ, ಪದವಿ ಪಡೆದ ಹಿರಿಯರಲ್ಲಿ. ಒಬ್ಬ ಮೂಲಪುರುಷನ ಗಂಡುಸಂತತಿಯೇ ‘ಉಮುನ್ನಾ’, ಎಂದರೆ ತಂದೆಯ ಮಕ್ಕಳು. ಜಮೀನು ಇವರದು. ಈ ಬಳಿಯ ಒಳಗೇ ಮದುವೆ ಕೂಡದು. ಹಾಗಾಗಿ ಹುಟ್ಟಿದ ಪ್ರತಿ ಹೆಣ್ಣೂ ಹೊರಗೆ ಹೋಗುವವಳು, ಇರುವ ಪ್ರತಿ ಹೆಂಡತಿಯೂ ಹೊರಗಿನಿಂದ ಬಂದವಳು. ಮುಂದೆ ಹೇಳುವುದೆಲ್ಲ ಈ ಒಂದು ನಿಯಮದಿಂದ ಹುಟ್ಟಿದ್ದು. ಅಪವಾದಗಳೂ ಉಂಟು: ಪೂರ್ವದ ಕ್ರಾಸ್ ನದಿಯ ಕಡೆಯ ಒಹಾಫಿಯಾ, ಅಫಿಕ್ಪೊಗಳಲ್ಲಿ ತಾಯಿಯ ಸಾಲಿನಲ್ಲೂ ಭೂಮಿ ಇಳಿದುಬರುತ್ತದೆ. ನೂರಾರು ಊರುಗಳ ಪದ್ಧತಿಯನ್ನು ಒಂದೇ ಉಸಿರಿನಲ್ಲಿ ಹೇಳುವಾಗ ಪ್ರತಿ ವಾಕ್ಯಕ್ಕೂ ‘ಬಹುಪಾಲು ಕಡೆ’ ಎಂಬ ಬಾಲ ಇದೆಯೆಂದೇ ಓದುಗರು ತಿಳಿಯಬೇಕು.

ತೆರ ಕೊಟ್ಟು ಪಡೆದದ್ದೇನು?

ಮದುವೆ ಇಬ್ಬರ ನಡುವಿನ ಮಾತಲ್ಲ, ಎರಡು ಉಮುನ್ನಾಗಳ ನಡುವಿನ ವ್ಯವಹಾರ. ಗಂಡಿನ ಕಡೆಯವರು ತಾಳೆ ಹೆಂಡ ಹಿಡಿದು ಹೆಣ್ಣಿನ ಮನೆಬಾಗಿಲು ತಟ್ಟುತ್ತಾರೆ. ಆಮೇಲೆ ಎರಡೂ ಕಡೆಯವರು ಎದುರುಬದುರು ಮನೆತನಗಳ ಜಾತಕ ಜಾಲಾಡುತ್ತಾರೆ: ಹುಚ್ಚು, ಅಂಟುರೋಗ, ಕಳ್ಳತನ ಯಾವುದಾದರೂ ಆ ವಂಶದಲ್ಲಿ ಇದ್ದಿತ್ತೇ? ನಂತರ ತೆರದ, ಎಂದರೆ ಗಂಡಿನವರು ಹೆಣ್ಣಿನವರಿಗೆ ಕೊಡುವ ಹಣದ, ಚೌಕಾಸಿ. ಕೊನೆಗೆ ಎಲ್ಲರೂ ಕಾದುನೋಡುವ ಗಳಿಗೆ, ‘ಇಗ್ಬಾ ಎನ್ಕ್ವು’ ಎಂಬ ಹೆಂಡ ಒಯ್ಯುವ ಶಾಸ್ತ್ರ. ಅಪ್ಪ ಲೋಟದಲ್ಲಿ ಹೆಂಡ ತುಂಬಿ ಮಗಳ ಕೈಗಿಡುತ್ತಾನೆ. ವರ ಜನಜಂಗುಳಿಯಲ್ಲಿ ಎಲ್ಲೋ ಅಡಗಿ ಕುಳಿತಿರುತ್ತಾನೆ. ಹುಡುಗಿ ಲೋಟ ಹಿಡಿದು ಹುಡುಕುತ್ತ ಹೋಗುವಾಗ ಅಕ್ಕಪಕ್ಕದ ತರುಣರು ‘ಇತ್ತ ಬಾ, ನಾನೇ ನಿನ್ನ ಗಂಡ’ ಎಂದು ಕೈಚಾಚಿ ಕಾಡುತ್ತಾರೆ. ಅವಳು ಅವನನ್ನು ಪತ್ತೆಹಚ್ಚಿ, ಮಂಡಿಯೂರಿ, ತಾನೊಂದು ಗುಟುಕು ಕುಡಿದು ಲೋಟವನ್ನು ಅವನಿಗೆ ಕೊಟ್ಟರೆ ಊರೆದುರು ಒಪ್ಪಿಗೆ ಕೊಟ್ಟಂತೆ. ಲಾಗೋಸ್‌ನಲ್ಲೋ ಲಂಡನ್‌ನಲ್ಲೋ ಕೆಲಸದಲ್ಲಿರುವವರೂ ಇಂದಿಗೂ ಈ ಶಾಸ್ತ್ರಕ್ಕಾಗಿ ಹಳ್ಳಿಗೆ ಬರುತ್ತಾರೆ.

ತೆರವನ್ನು ಹೆಣ್ಣಿನ ಬೆಲೆ ಎಂದು ತಿಳಿದ ಯುರೋಪಿಯನ್ನರು ಇದು ಮನುಷ್ಯರ ಮಾರಾಟವೆಂದು ಗಾಬರಿಗೊಂಡರು. ಆ ಹಣದಿಂದ ಗಂಡನ ವಂಶಕ್ಕೆ ದಕ್ಕುತ್ತಿದ್ದ ಮುಖ್ಯ ಹಕ್ಕೆಂದರೆ ಆಕೆ ಹೆರುವ ಮಕ್ಕಳು. ಹೆಣ್ಣು ತವರಿನವಳಾಗಿಯೇ ಉಳಿಯುತ್ತಿದ್ದಳು. ಆಕೆಗೆ ಅನ್ಯಾಯವಾದರೆ ಕೇಳಲು ತವರಿನವರು ಬರುತ್ತಿದ್ದರು. ಆದರೆ ಮಕ್ಕಳು ತೆರದ ಹಿಂದೆ ಹೋಗುತ್ತಿದ್ದರು. ಜಗಳವಾಡಿ ಗಂಡನನ್ನು ಬಿಟ್ಟು ಬಂದವಳು, ತವರಿನವರು ತೆರ ಹಿಂದಿರುಗಿಸುವ ಮುನ್ನ ಬೇರೊಬ್ಬನಿಂದ ಮಗು ಪಡೆದರೆ ಅದೂ ಮೊದಲ ಗಂಡನ ಮಗುವೇ. ಹುಟ್ಟಿಸಿದವನು ಯಾರು ಎಂಬುದಕ್ಕಿಂತ ತೆತ್ತವನು ಯಾರು ಎಂಬುದು ಮುಖ್ಯ. ಈ ತರ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದು ವಿಚಿತ್ರ ತಿರುವು ಪಡೆಯುತ್ತದೆ. ತೆರದ ಮೊತ್ತ ಏರುತ್ತಲೇ ಹೋದಾಗ 1956ರಲ್ಲಿ ಪೂರ್ವ ನೈಜೀರಿಯದ ಸರ್ಕಾರ ಅದನ್ನು 30 ಪೌಂಡಿಗೆ ಮಿತಿಗೊಳಿಸಿ ಕಾನೂನು ಮಾಡಿತು. ಕಾನೂನಿಗೆ ಯಾರೂ ಕಿವಿಗೊಡಲಿಲ್ಲ.

ತಾಯಿಯ ಒಲೆ

ಮದುವೆಯಾಗಿ ಬಂದವಳಿಗೆ ಸಿಗುತ್ತಿದ್ದುದು ಒಂದು ಗುಡಿಸಲು, ಒಂದು ಒಲೆ. ಮಣ್ಣಿನ ಗೋಡೆ ಎತ್ತಿ ಸುತ್ತುವರಿದ ಹಟ್ಟಿಯ ಮುಂಭಾಗದಲ್ಲಿ ಗಂಡನ ‘ಒಬಿ’; ಅತಿಥಿಗಳು, ಹಿರಿಯರ ಪೂಜೆ ಎಲ್ಲ ಅಲ್ಲಿ. ಹಿಂದೆ ಒಬ್ಬೊಬ್ಬ ಹೆಂಡತಿಗೂ ಒಂದೊಂದು ಗುಡಿಸಲು. ಅದರಲ್ಲಿ ಅವಳು, ಅವಳ ಮಕ್ಕಳು, ಅವಳ ಮಡಕೆಗಳು. ಯಾಮ್ ಗೆಡ್ಡೆ ಗಂಡಸಿನ ಬೆಳೆ. ಅದರ ಕಣಜದ ಎತ್ತರವೇ ಗಂಡಸಿನ ಮಾನದ ಅಳತೆ. ಕೆಸುವಿನ ಗೆಡ್ಡೆ, ಮರಗೆಣಸು, ಬೆಂಡೆ, ಮೆಣಸು, ಹುರುಳಿಕಾಯಿ ಹೆಂಗಸಿನವು. ಗಂಡಸು ಯಾಮ್ ನೆಟ್ಟ ದಿಬ್ಬಗಳ ಇಳಿಜಾರಿನಲ್ಲೇ ಹೆಂಗಸು ತನ್ನ ಬೀಜ ಊರುತ್ತಿದ್ದಳು. ವರ್ಷದಲ್ಲಿ ಯಾಮ್ ಕಣಜ ಬರಿದಾಗಿ ಹೊಸ ಬೆಳೆ ಇನ್ನೂ ಕೈಗೆ ಬಾರದ ತಿಂಗಳುಗಳಲ್ಲಿ ಮನೆ ನಡೆಯುತ್ತಿದ್ದುದು ಹೆಂಗಸಿನ ಗೆಡ್ಡೆಗಳ ಮೇಲೆ. ಹಾಡು, ಹಬ್ಬ, ಪದವಿ ಎಲ್ಲ ಯಾಮ್‌ಗೆ ಸಿಕ್ಕಿತು, ಕೆಸುವಿಗೆ ಸಿಕ್ಕಿದ್ದು ಹೊಟ್ಟೆ ತುಂಬಿಸಿದ ಹೆಸರು.

ತಾಳೆಯಲ್ಲೂ ಇದೇ ಹಂಚಿಕೆ. ಗಂಡಸು ಮರ ಹತ್ತಿ ಗೊನೆ ಕಡಿಯುತ್ತಾನೆ. ಹೆಂಗಸು ಹಣ್ಣು ಬೇಯಿಸಿ, ಕುಟ್ಟಿ, ಹಿಂಡಿ ಕೆಂಪೆಣ್ಣೆ ತೆಗೆಯುತ್ತಾಳೆ. ಎಣ್ಣೆ ಮಾರಿದ ದುಡ್ಡು ಗಂಡನಿಗೆ. ಉಳಿದ ಗಟ್ಟಿ ಬೀಜವನ್ನು ಬಿಡುವಿನ ಹೊತ್ತಿನಲ್ಲಿ ಕಲ್ಲಿನ ಮೇಲಿಟ್ಟು ಒಂದೊಂದಾಗಿ ಒಡೆದರೆ ಒಳಗಿನ ತಿರುಳು ಅವಳ ಪಾಲು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯುರೋಪಿನ ಕಾರ್ಖಾನೆಗಳು ಆ ತಿರುಳಿನ ಎಣ್ಣೆಯನ್ನು ಮಾರ್ಗರೀನ್‌ಗೆ, ಸಾಬೂನಿಗೆ ಬಳಸತೊಡಗಿದಾಗ ಇಗ್ಬೋ ಹೆಂಗಸಿನ ಕೈಗೆ ನಗದು ಬಂತು. ಎಕೆ, ಒರಿಯೆ, ಅಫೊ, ಎನ್ಕ್ವೊ ಎಂಬ ನಾಲ್ಕು ದಿನಗಳ ವಾರದಲ್ಲಿ ಸರದಿಯಂತೆ ನಡೆಯುವ ಸಂತೆಗಳಲ್ಲಿ ಅವಳು ಗಳಿಸಿದ್ದು ಅವಳದೇ. ನೈಜರ್ ದಂಡೆಯ ಒಸೊಮಾರಿಯ ಒಕ್ವೆಯಿ ಎಂಬಾಕೆ ಇಂಥ ವ್ಯಾಪಾರದಿಂದಲೇ ದೊಡ್ಡ ಸಿರಿವಂತೆಯಾಗಿ 1935ರಲ್ಲಿ ‘ಒಮು’ ಪದವಿಗೇರಿದಳು. ಒಮು ಎಂದರೆ ಹೆಂಗಸರ ಕಡೆಯ ರಾಣಿ. ರಾಜನ ಹೆಂಡತಿಯಾಗಿರಬೇಕೆಂದೇನೂ ಇರಲಿಲ್ಲ.

ಈ ಒಲೆಯ ಸುತ್ತ ಬೆಳೆದ ಮಕ್ಕಳು ‘ಉಮುನ್ನೆ’, ಒಂದೇ ತಾಯಿಯ ಮಕ್ಕಳು. ಉಮುನ್ನಾಗೂ ಉಮುನ್ನೆಗೂ ಇರುವ ವ್ಯತ್ಯಾಸ ಇಗ್ಬೋ ಬದುಕಿನ ಕೀಲಿಕೈ. ಉಮುನ್ನಾದಲ್ಲಿ ಭೂಮಿ ಇದೆ, ಹಿರಿತನದ ಪೈಪೋಟಿ ಇದೆ, ಅಸೂಯೆ ಇದೆ. ಉಮುನ್ನೆಯಲ್ಲಿ ನಂಬಿಕೆ ಇದೆ. ಒಬ್ಬನೇ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಮಲಸಹೋದರರು ಕೋರ್ಟು ಕಚೇರಿ ಅಲೆಯುವುದು ಸಾಮಾನ್ಯ. ಒಂದೇ ತಾಯಿಯ ಮಕ್ಕಳು ಹಾಗೆ ಮಾಡಿದರೆ ಊರು ಮೂಗಿನ ಮೇಲೆ ಬೆರಳಿಡುತ್ತದೆ. ತಂದೆ ಸತ್ತಾಗ ಒಬಿ ಹಿರಿಯ ಮಗನಿಗೆ. ಉಳಿದ ಜಮೀನನ್ನು ಹಲವು ಕಡೆ ಹಂಚುತ್ತಿದ್ದುದು ಒಲೆಗಳ ಲೆಕ್ಕದಲ್ಲಿ: ಇಷ್ಟು ಹೆಂಡತಿಯರು, ಆದ್ದರಿಂದ ಇಷ್ಟು ಪಾಲು. ಪಾಲು ಪಡೆಯುವವನು ಆ ಒಲೆಯ ಹಿರಿಯ ಮಗ. ಹೆಂಗಸಿನ ಹೆಸರಿಗೆ ಭೂಮಿ ಇಲ್ಲ, ಆದರೆ ಭೂಮಿ ಇಳಿದು ಬರುವುದು ಅವಳ ಒಲೆಯ ಮೂಲಕ. ಹಾಗಾಗಿ ಗಂಡುಮಗುವಿಲ್ಲದ ಒಲೆಗೆ ಆಸ್ತಿಯಲ್ಲಿ ಹಿಡಿತವಿಲ್ಲ. ಸವತಿಯರ ನಡುವಿನ ಎಷ್ಟೋ ಜಗಳಗಳ ಬೇರು ಇಲ್ಲಿದೆ. ಗಂಡನ ಪ್ರೀತಿ ಯಾರಿಗೆ ಹೆಚ್ಚು ಎಂಬ ಪ್ರಶ್ನೆ ಹೊರಗಿನವರ ಕುತೂಹಲವಷ್ಟೇ.

ಹೆತ್ತ ಮೇಲೆ

ಮೊದಲ ಮಗು ಹುಟ್ಟುವವರೆಗೆ ಹೆಂಡತಿ ಒಂದು ರೀತಿಯಲ್ಲಿ ಪರೀಕ್ಷೆಯಲ್ಲಿದ್ದವಳು. ಮಗು ಹುಟ್ಟಿತೆಂದರೆ ಹೆಂಗಸರ ಜಯಘೋಷ ಕೇರಿಯಲ್ಲೆಲ್ಲ ಹಬ್ಬುತ್ತದೆ; ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಹಾಡಿ ಕುಣಿಯುತ್ತಾರೆ. ಮಗುವಿನ ಹೊಕ್ಕುಳಬಳ್ಳಿಯನ್ನು ತಂದೆಯ ನೆಲದಲ್ಲಿ ತಾಳೆಯಂಥ ಫಲ ಕೊಡುವ ಮರದ ಬುಡದಲ್ಲಿ ಹೂಳುತ್ತಾರೆ. ಆ ಮರ ಮಗುವಿನದಾಗುತ್ತದೆ. ಹೊರಗಿನಿಂದ ಬಂದವಳ ಮಗು ಹೀಗೆ ಆ ಮಣ್ಣಿನ ಮಗುವಾಗುತ್ತದೆ.

ಇದರ ಬೆನ್ನಿಗೇ ‘ಒಮುಗ್ವೋ’. ನಮ್ಮಲ್ಲಿ ಬಾಣಂತನಕ್ಕೆ ಮಗಳು ತವರಿಗೆ ಹೋಗುತ್ತಾಳೆ. ಇಗ್ಬೋಗಳಲ್ಲಿ ತಾಯಿಯೇ ಗಂಟು ಕಟ್ಟಿಕೊಂಡು ಅಳಿಯನ ಮನೆಗೆ ಬರುತ್ತಾಳೆ. ಉಡಾ ಎಂಬ ಕಪ್ಪು ಕಾಯಿ, ಉಜಿಜಾ ಎಂಬ ಕಾಡುಮೆಣಸು ಹಾಕಿ ಒಣಮೀನಿನ ಖಾರದ ಸಾರು ಮಾಡಿ ಬಿಸಿಬಿಸಿಯಾಗಿ ಕುಡಿಸುತ್ತಾಳೆ. ಕುದಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮಗಳ ಹೊಟ್ಟೆಗೆ ಒತ್ತಿ ಒತ್ತಿ ಶಾಖ ಕೊಡುತ್ತಾಳೆ. ಮಗಳು ಕೂಗಿಕೊಂಡರೂ ಬಿಡುವುದಿಲ್ಲ. ಮಗುವಿಗೆ ಎಣ್ಣೆ ನೀವಿ, ಕೈಕಾಲು ಎಳೆದು ಮೀಯಿಸುತ್ತಾಳೆ. ಆ ವಾರಗಳಲ್ಲಿ ಅಡುಗೆಮನೆಯ ಯಜಮಾನಿಕೆ ಅತ್ತೆಯದಲ್ಲ, ಬೀಗಿತ್ತಿಯದು. ಹೊರಡುವಾಗ ಅಳಿಯ ಅವಳಿಗೆ ಉಡುವ ಬಟ್ಟೆ, ಹಣ, ಉಪ್ಪು, ಸಾಬೂನು, ಒಣಮೀನು ಕೊಟ್ಟು ಕಳಿಸಬೇಕು. ಊರಿಗೆ ಮರಳಿದ ಅಜ್ಜಿಯ ಗಂಟು ಬಿಚ್ಚಿ ನೋಡಿಯೇ ನೆರೆಹೊರೆಯವರು ಅಳಿಯ ಎಂಥವನೆಂದು ತೀರ್ಮಾನಿಸುತ್ತಾರೆ. ಈಗ ಒಮುಗ್ವೋಗೆಂದು ವೀಸಾ ಪಡೆದು ಹ್ಯೂಸ್ಟನ್‌ಗೆ, ಲಂಡನ್‌ಗೆ ವಿಮಾನ ಹತ್ತುವ ಅಜ್ಜಿಯರಿದ್ದಾರೆ. ಉಡಾ, ಉಜಿಜಾ ಸೂಟ್‌ಕೇಸಿನಲ್ಲಿ ಜೊತೆಗೆ ಹೋಗುತ್ತವೆ.

ಹೆತ್ತಷ್ಟೂ ಗೌರವ. ಇಮೊ ರಾಜ್ಯದ ಎಂಬೈಸೆ ಕಡೆ ಹತ್ತು ಮಕ್ಕಳನ್ನು ಹೆತ್ತವಳಿಗೆ ‘ಎವು ಉಕ್ವು’ ಎಂಬ ಸಮಾರಂಭವಿತ್ತು. ಸೊಂಟದ ಮೇಕೆ ಎಂದು ಅದರರ್ಥ: ಅಷ್ಟು ಬಸುರಿನ ಭಾರ ಹೊತ್ತ ಸೊಂಟಕ್ಕೆ ಗಂಡ ಒಂದು ಮೇಕೆಯನ್ನು ಕಾಣಿಕೆ ಕೊಡುತ್ತಾನೆ, ಊರು ಅವಳನ್ನು ಕೊಂಡಾಡುತ್ತದೆ. ಶಿಶುಮರಣ ಹೆಚ್ಚಿದ್ದ ಕಾಲದಲ್ಲಿ ಹತ್ತು ಹೆರುವುದೆಂದರೆ ಹತ್ತು ಸಲ ಸಾವಿನ ಬಾಗಿಲಿಗೆ ಹೋಗಿಬಂದಂತೆ, ಗೌರವಿಸಿದ್ದರಲ್ಲಿ ಅಚ್ಚರಿಯಿಲ್ಲ. ಆದರೂ ಹತ್ತು ಹೆರಿಗೆಗೆ ಒಂದು ಮೇಕೆ ಎಂಬ ಲೆಕ್ಕ ಹಾಕಿದವರು ಗಂಡಸರೇ ಇರಬೇಕು ಎಂದು ನನ್ನ ಗುಮಾನಿ.

ಈ ಏಣಿಯ ಕೆಳಗೆ ಬಿದ್ದವರ ಕತೆ ಬೇರೆ. ಮಕ್ಕಳಾಗದಿದ್ದರೆ ತಪ್ಪು ಹೆಂಗಸಿನದೇ. ಗಂಡನಲ್ಲಿ ಊನವಿರಬಹುದೆಂದು ಬಾಯಿಬಿಟ್ಟು ಹೇಳುವವರಿರಲಿಲ್ಲ. ಹುಟ್ಟಿ ಹುಟ್ಟಿ ಸಾಯುವ ಮಗು ‘ಒಗ್ಬಾಂಜೆ’, ತಾಯಿಯನ್ನು ಕಾಡಲೆಂದೇ ಮತ್ತೆ ಮತ್ತೆ ಅದೇ ಗರ್ಭಕ್ಕೆ ಬರುವ ಜೀವ ಎಂಬ ನಂಬಿಕೆ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ‘ಸಿಕಲ್ ಸೆಲ್’ ರೋಗ ಇಂಥ ಎಷ್ಟೋ ಸಾವುಗಳ ಹಿಂದೆ ಇದ್ದಿರಬಹುದೆಂದು ಇಂದಿನ ವೈದ್ಯರು ಹೇಳುತ್ತಾರೆ. ಎಲ್ಲಕ್ಕಿಂತ ಕ್ರೂರವಾದದ್ದು ಅವಳಿ ಮಕ್ಕಳ ವಿಚಾರ. ಒಂದೇ ಬಸುರಿನಲ್ಲಿ ಹಲವು ಮರಿ ಹಾಕುವುದು ಪ್ರಾಣಿಗಳ ರೀತಿ, ಮನುಷ್ಯರಲ್ಲಿ ಅದು ಭೂದೇವಿ ಆಲಾಗೆ ಮಾಡಿದ ಅಪಚಾರ ಎಂದು ಅವಳಿಗಳನ್ನು ಮಡಕೆಯಲ್ಲಿಟ್ಟು ಕಾಡಿನಲ್ಲಿ ಬಿಟ್ಟುಬರುತ್ತಿದ್ದರು. ತಾಯ್ತನವನ್ನು ಅಷ್ಟೊಂದು ಪೂಜಿಸಿದ ಜನ, ಒಂದರ ಬದಲು ಎರಡು ಹೆತ್ತವಳನ್ನು ಮೈಲಿಗೆಯಾದವಳಂತೆ ಕಂಡರು. ಕ್ರೈಸ್ತ ಮಿಷನ್‌ಗಳು ಮಾಡಿದ ಹಲವು ಕೆಲಸಗಳ ಬಗ್ಗೆ ತಕರಾರು ಇರಬಹುದು, ಈ ಪದ್ಧತಿ ನಿಲ್ಲುವುದರಲ್ಲಿ ಅವು ವಹಿಸಿದ ಪಾತ್ರದ ಬಗ್ಗೆ ಇಲ್ಲ.

ಹೆಣ್ಣು ಗಂಡನಾದಾಗ

ಈಗ ತೆರದ ತರ್ಕಕ್ಕೆ ಹಿಂದಿರುಗೋಣ. ಮಗು ತೆತ್ತವರದು ಎಂದಾದರೆ, ತೆರುವವರು ಗಂಡಸೇ ಆಗಿರಬೇಕೇ? ಇಗ್ಬೋಗಳು ಕೊಟ್ಟ ಉತ್ತರ: ಬೇಕಿಲ್ಲ. ಮಕ್ಕಳಾಗದ, ಅಥವಾ ಗಂಡುಮಗುವಿಲ್ಲದ ಹೆಂಗಸು ತನ್ನ ದುಡಿಮೆಯ ಹಣದಿಂದ ತೆರ ಕೊಟ್ಟು ಹುಡುಗಿಯೊಬ್ಬಳನ್ನು ಮದುವೆ ಮಾಡಿಕೊಂಡು ಬರಬಹುದಿತ್ತು. ಆ ಹುಡುಗಿಗೆ ಈಕೆಯ ಗಂಡನಿಂದಲೋ ಒಪ್ಪಿತನಾದ ಬೇರೊಬ್ಬನಿಂದಲೋ ಹುಟ್ಟಿದ ಮಕ್ಕಳು ಈಕೆಯ ಒಲೆಗೆ ಸೇರಿದವರು. ಇಬ್ಬರು ಹೆಂಗಸರ ನಡುವೆ ದೈಹಿಕ ಸಂಬಂಧವಿರಲಿಲ್ಲ. ಗಂಡ ಎಂಬುದು ಇಲ್ಲಿ ಒಂದು ಸ್ಥಾನ. ಸಿರಿವಂತ ವ್ಯಾಪಾರಿ ಹೆಂಗಸರು ದುಡಿಯುವ ಕೈಗಳಿಗಾಗಿ, ಪ್ರತಿಷ್ಠೆಗಾಗಿ ಹಲವು ಹೆಂಡತಿಯರನ್ನು ತಂದದ್ದೂ ಉಂಟು. ಮಾನವಶಾಸ್ತ್ರಜ್ಞೆ ಇಫಿ ಅಮಾಡಿಯುಮೆ ತನ್ನ ಮನೆತನದ ಊರಾದ ಅನಂಬ್ರಾದ ನ್ನೋಬಿಯ ಬಗ್ಗೆ 1987ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಜಗತ್ತಿನ ಗಮನಕ್ಕೆ ತಂದಿತು. ಗಂಡುಮಕ್ಕಳಿಲ್ಲದ ತಂದೆ ಮಗಳನ್ನೇ ಮಗನ ಸ್ಥಾನದಲ್ಲಿ ಕೂರಿಸಿ, ಮದುವೆ ಮಾಡಿ ಕಳಿಸದೆ, ಅವಳು ಹೆತ್ತ ಮಕ್ಕಳಿಂದ ವಂಶ ಮುಂದುವರಿಸುವ ಏರ್ಪಾಡನ್ನೂ ಅದು ವಿವರಿಸುತ್ತದೆ.

ಈ ದಾರಿಯಲ್ಲಿ ಅತಿ ದೂರ ಹೋದವಳು ಎನುಗು-ಎಜಿಕೆಯ ಅಹೆಬಿ ಉಗ್ಬಾಬೆ. ಎಳೆಯ ವಯಸ್ಸಿನಲ್ಲಿ ದೇವರಿಗೆ ಬಿಡಲು ಹೊರಟಾಗ ಪಕ್ಕದ ಇಗಾಲಾ ನಾಡಿಗೆ ಓಡಿಹೋಗಿ, ವ್ಯಾಪಾರದಿಂದ ಮೇಲೆ ಬಂದು, ಬ್ರಿಟಿಷರ ನಂಟು ಬೆಳೆಸಿ ಊರಿಗೆ ಮರಳಿದಳು. 1918ರಲ್ಲಿ ಬ್ರಿಟಿಷರು ಅವಳನ್ನು ವಾರಂಟ್ ಮುಖ್ಯಸ್ಥೆಯಾಗಿ, ಎಂದರೆ ತಮ್ಮ ಪರವಾಗಿ ಊರನ್ನು ಆಳುವವಳಾಗಿ, ನೇಮಿಸಿದರು. ಇಡೀ ವಸಾಹತು ನೈಜೀರಿಯದಲ್ಲಿ ಆ ಹುದ್ದೆ ಪಡೆದ ಏಕೈಕ ಹೆಂಗಸು. ಇಗಾಲಾ ದೊರೆಯ ಬೆಂಬಲದಿಂದ ರಾಜನೇ ಆದಳು. ಅವಳಿಗೆ ಹಲವು ಹೆಂಡತಿಯರು, ಅವಳ ಹೆಸರು ಹೊತ್ತ ಮಕ್ಕಳು. ಇಷ್ಟೆಲ್ಲವನ್ನೂ ಸಹಿಸಿದ ಗಂಡಸರು, ಅವಳು ತನ್ನದೇ ಹೆಸರಿನ ಮುಖವಾಡದ ಕುಣಿತವೊಂದನ್ನು ಹೊರಡಿಸಿದಾಗ ಮಾತ್ರ ತಿರುಗಿಬಿದ್ದರು. ಪಿತೃಗಳ ಮುಖವಾಡ ಗಂಡಸರ ಗುಟ್ಟು. ಮುಖವಾಡವನ್ನು ಕಿತ್ತುಕೊಂಡರು, ಬ್ರಿಟಿಷ್ ಅಧಿಕಾರಿಯೂ ಅವರ ಪರ ನಿಂತ. ಹೆಣ್ಣು ಗಂಡನಾಗಬಹುದು, ರಾಜನಾಗಬಹುದು. ಆ ಒಂದು ಗೆರೆಯನ್ನು ದಾಟುವಂತಿರಲಿಲ್ಲ.

ಹೆಂಡತಿ ತೆರ ಕೊಟ್ಟು ಹೆಂಡತಿಯನ್ನು ತಂದದ್ದನ್ನು ಹೆಂಗಸರ ಸ್ವಾತಂತ್ರ್ಯವೆಂದು ಮೆಚ್ಚುವವರು, ಹಾಗೆ ತರಲ್ಪಟ್ಟ ಹುಡುಗಿಯ ಕಡೆಯಿಂದಲೂ ಒಮ್ಮೆ ನೋಡಬೇಕು. ಅವಳಿಗೆ ಯಜಮಾನ ಹೋಗಿ ಯಜಮಾನಿ ಬಂದಳು, ಅಷ್ಟೇ.

ತಾಯ್ತನದ ಆಚೆ ಇನ್ನೊಂದು ಕಿರುದಾರಿ ಇತ್ತು. ಇಮೊ ರಾಜ್ಯದ ಒಗುಟಾ ಸರೋವರದ ದೇವಿ ಒಗ್ಬುಯಿಡೆ, ಉಹಾಮಿರಿ ಎಂದೂ ಕರೆಯುತ್ತಾರೆ. ಅವಳು ಒಲಿದವರಿಗೆ ರೂಪ, ಸಂಪತ್ತು, ವ್ಯಾಪಾರದಲ್ಲಿ ಕೈಗುಣ ಕೊಡುತ್ತಾಳೆ. ಮಕ್ಕಳ ವಿಷಯದಲ್ಲಿ ಅವಳ ಕೈ ಬಿಗಿ ಎಂಬ ಮಾತಿದೆ. ಮಕ್ಕಳಿಲ್ಲದ ಹೆಂಗಸು ಅವಳ ಭಕ್ತೆಯಾದರೆ ಬಂಜೆ ಎಂಬ ಮಾತಿಗೆ ಬದಲಾಗಿ ದೇವಿಯ ಆಯ್ಕೆ ಎಂಬ ಹೆಸರು ಸಿಗುತ್ತಿತ್ತು.

ತವರಿನ ಕಾವಲು, ಓರಗಿತ್ತಿಯರ ಸೇನೆ

ಹೆಂಗಸಿಗೆ ಎರಡು ಸಂಘಗಳು. ಒಂದು ವಂಶದ ಹೆಣ್ಣುಮಕ್ಕಳ ಕೂಟ ‘ಉಮುಆಡಾ’, ಇನ್ನೊಂದು ವಂಶಕ್ಕೆ ಬಂದ ಹೆಂಡತಿಯರ ಕೂಟ ‘ಇನ್ಯೋಮ್‌ಡಿ’. ಪ್ರತಿ ವಿವಾಹಿತೆಯೂ ತವರಿನಲ್ಲಿ ಮೊದಲನೆಯದಕ್ಕೂ ಗಂಡನ ಊರಿನಲ್ಲಿ ಎರಡನೆಯದಕ್ಕೂ ಸೇರಿದವಳು. ಉಮುಆಡಾಗಳ ಮಾತಿಗೆ ಎದುರಿಲ್ಲ. ಅಣ್ಣತಮ್ಮಂದಿರ ಜಗಳ ಗಂಡಸರಿಂದ ಬಗೆಹರಿಯದಿದ್ದರೆ ಇವರಿಗೆ ಹೇಳಿಕಳಿಸುತ್ತಾರೆ. ಬಂದು ಕುಳಿತರೆಂದರೆ ತೀರ್ಮಾನವಾಗುವವರೆಗೆ ಏಳುವುದಿಲ್ಲ, ಅಷ್ಟು ದಿನವೂ ಅವರ ಊಟದ ಖರ್ಚು ಜಗಳಗಂಟರದು. ರಾಜಿಗೆ ಇದಕ್ಕಿಂತ ಪರಿಣಾಮಕಾರಿ ಒತ್ತಡ ಮತ್ತೊಂದಿಲ್ಲ.

ಇದೇ ಉಮುಆಡಾ ವಿಧವೆಯ ಪಾಲಿಗೆ ಭಯ. ಸಹೋದರ ಸತ್ತರೆ ಅವನ ಹೆಂಡತಿಯ ತಲೆ ಬೋಳಿಸುವುದು, ಅವಳನ್ನು ಮೂಲೆಯಲ್ಲಿ ಕೂರಿಸುವುದು, ಸಾವಿನ ಬಗ್ಗೆ ಅನುಮಾನವಿದ್ದರೆ ಪ್ರಮಾಣ ಮಾಡಿಸುವುದು, ವರ್ಷವಿಡೀ ಶೋಕದ ಬಟ್ಟೆ ಉಡಿಸುವುದು, ಎಲ್ಲ ಇವರ ಉಸ್ತುವಾರಿಯಲ್ಲಿ. ಬದುಕಿದ್ದಾಗ ಗಂಡನನ್ನೂ ನಾದಿನಿಯರನ್ನೂ ಅವಳು ಹೇಗೆ ನೋಡಿಕೊಂಡಿದ್ದಳೋ ಅದರ ಮೇಲೆ ಶಾಸ್ತ್ರದ ಕಠೋರತೆ ನಿಲ್ಲುತ್ತಿತ್ತು. ಹೆಂಗಸರ ಒಗ್ಗಟ್ಟು ಎಂದು ಸಲೀಸಾಗಿ ಮಾತನಾಡುವವರಿಗೆ ಈ ದೃಶ್ಯ ಇರಿಸುಮುರಿಸು ತರುತ್ತದೆ. ಅತ್ತ ಆ ವಿಧವೆಯೇ ತನ್ನ ತವರಿನಲ್ಲಿ ಇನ್ನೊಬ್ಬಳ ತಲೆ ಬೋಳಿಸುವ ಗುಂಪಿನಲ್ಲಿ ಇದ್ದಿರುತ್ತಾಳೆ. 2001ರಲ್ಲಿ ಎನುಗು ರಾಜ್ಯ ವಿಧವೆಯರ ಮೂಲಭೂತ ಹಕ್ಕುಗಳನ್ನು ರಕ್ಷಿಸುವ ಕಾನೂನು ತಂದದ್ದು ಇಂಥ ಆಚರಣೆಗಳನ್ನು ತಡೆಯಲಿಕ್ಕೇ.

ತವರಿನ ರಕ್ಷೆ ಅವಳಿಂದ ಅವಳ ಮಕ್ಕಳಿಗೂ ಇಳಿಯುತ್ತದೆ. ತಂದೆಯ ಊರಿನಲ್ಲಿ ತಪ್ಪು ಮಾಡಿ ಗಡೀಪಾರಾದವನು ಓಡಿಬರುವುದು ತಾಯಿಯ ತವರಿಗೆ. ಅಲ್ಲಿ ಅವನಿಗೆ ಆಸ್ತಿಯಲ್ಲಿ ಪಾಲಿಲ್ಲ, ಆದ್ದರಿಂದಲೇ ಅವನ ಮೇಲೆ ಹಗೆಯೂ ಇಲ್ಲ, ಸಲುಗೆ ಮಾತ್ರ. ಹೆಣ್ಣುಮಗುವಿಗೆ ತಾಯಿಯೇ ಮೇಲು ಎಂಬರ್ಥದ ನ್ನೆಕಾ ಎಂಬ ಹೆಸರಿಡುವ ಜನ ತಂದೆಗೆ ಆಜ್ಞೆಯನ್ನೂ ತಾಯಿಗೆ ಆಶ್ರಯವನ್ನೂ ಹಂಚಿಕೊಟ್ಟಿದ್ದಾರೆ. ಹಿಂದೆ ಎಷ್ಟೋ ಕಡೆ ಹೆಂಗಸು ಸತ್ತರೆ ಹೆಣವನ್ನು ತವರಿಗೆ ಹೊತ್ತು ತಂದು ಅಲ್ಲಿಯೇ ಹೂಳುತ್ತಿದ್ದರು. ಹತ್ತು ಹೆತ್ತರೂ ಗಂಡನ ಮಣ್ಣು ಅವಳ ಮಣ್ಣಾಗುತ್ತಿರಲಿಲ್ಲ.

ಇನ್ಯೋಮ್‌ಡಿಯ ಬಲ ಬೇರೆ ಬಗೆಯದು. ಹೊರಗಿನಿಂದ ಬಂದ ಈ ಹೆಂಡತಿಯರಿಗೆ ಒಬ್ಬೊಬ್ಬರಾಗಿ ಬಲವಿಲ್ಲ. ಒಟ್ಟಾದರೆ ಊರಿನ ಅನ್ನ ನೀರು ಅವರ ಕೈಯಲ್ಲಿ. ಹೆಂಡತಿಯನ್ನು ಮಿತಿಮೀರಿ ಹೊಡೆಯುವವನು, ಹೆಂಗಸರ ಬೆಳೆಗೆ ದನ ನುಗ್ಗಿಸುವವನು, ಸಂತೆಯ ಕಟ್ಟಳೆ ಮುರಿಯುವವನು ಇದ್ದರೆ ಮೊದಲು ಎಚ್ಚರಿಕೆ. ಕೇಳದಿದ್ದರೆ ಒಂದು ರಾತ್ರಿ ಅವನ ಹಟ್ಟಿಯ ಮುಂದೆ ಹೆಂಗಸರೆಲ್ಲ ಸೇರುತ್ತಾರೆ. ತಲೆಗೆ ಎಳೆ ಸೊಪ್ಪು ಸುತ್ತಿ, ಮುಖಕ್ಕೆ ಬೂದಿ ಬಳಿದು, ಕೈಯಲ್ಲಿ ಒನಕೆ ಹಿಡಿದು ಕುಣಿಯುತ್ತಾರೆ. ಅವನ ಗಂಡಸುತನವನ್ನೇ ಅನುಮಾನಿಸುವ ಪದಗಳನ್ನು ಆ ಹೊತ್ತಿಗೇ ಕಟ್ಟಿ ಹಾಡುತ್ತಾರೆ, ಒನಕೆಯಿಂದ ಗೋಡೆ ಕುಟ್ಟುತ್ತಾರೆ, ಮೊಂಡು ಹಿಡಿದರೆ ಸೂರಿನ ಹುಲ್ಲು ಕೀಳುತ್ತಾರೆ. ಅವನು ಹೊರಗೆ ಬಂದು ತಪ್ಪೊಪ್ಪಿಕೊಳ್ಳುವವರೆಗೆ ಇದು ಮುಗಿಯುವುದಿಲ್ಲ. ಇದಕ್ಕೆ ಗಂಡಸಿನ ಮೇಲೆ ಕೂರುವುದು ಎಂದು ಹೆಸರು. ಉಳಿದ ಗಂಡಸರು ಅಡ್ಡ ಬರುವುದಿಲ್ಲ. ಅಂದು ರಾತ್ರಿ ಅಡ್ಡ ಬಂದವನಿಗೆ ನಾಳೆ ಊಟ ಹಾಕುವವರು ಬೇಕಲ್ಲ!

ಇದೇ ಆಯುಧ ಬ್ರಿಟಿಷರ ಮೇಲೆ ತಿರುಗಿದ್ದು 1929ರಲ್ಲಿ. ಗಂಡಸರಿಗೆ ಹಿಂದಿನ ವರ್ಷವಷ್ಟೇ ತಲೆಗಂದಾಯ ಬಿದ್ದಿತ್ತು. ನವೆಂಬರ್‌ನಲ್ಲಿ ಒಲೊಕೊ ಎಂಬ ಊರಿನಲ್ಲಿ ವಾರಂಟ್ ಮುಖ್ಯಸ್ಥ ಒಕುಗೋ ಮತ್ತೆ ಜನಗಣತಿಗೆ ಮೇಷ್ಟರೊಬ್ಬನನ್ನು ಕಳಿಸಿದ. ಅವನು ನ್ವಾನ್ಯೆರುವಾ ಎಂಬ ವಿಧವೆಯ ಹಟ್ಟಿಗೆ ಬಂದಾಗ ಅವಳು ತಾಳೆ ಎಣ್ಣೆ ತೆಗೆಯುತ್ತಿದ್ದಳು. ನಿನ್ನ ಆಡು, ಕುರಿ, ಜನ ಎಷ್ಟು ಎಂದು ಕೇಳಿದ. ನಿನ್ನ ತಾಯಿಯನ್ನು ಎಣಿಸಿದ್ದರೇ ಎಂದು ಅವಳು ತಿರುಗಿ ಕೇಳಿದಳು. ತಾಯಿಯನ್ನು ಆಡು ಕುರಿಗಳ ಜೊತೆ ಲೆಕ್ಕಕ್ಕೆ ಹಿಡಿಯುವವನಿಗೆ ಇದಕ್ಕಿಂತ ಮೊನಚಾದ ಉತ್ತರ ಆ ಸಮಾಜದಲ್ಲಿ ಇರಲಿಲ್ಲ. ಹೆಂಗಸರಿಗೂ ಕಂದಾಯ ಬಂತೆಂಬ ಸುದ್ದಿ ತಾಳೆಗರಿಗಳ ಜೊತೆ ಊರಿಂದೂರಿಗೆ ಹೋಯಿತು. ಸಾವಿರಾರು ಹೆಂಗಸರು ಒಕುಗೋನ ಮೇಲೆ ‘ಕುಳಿತರು’. ಅವನು ಕೆಲಸ ಕಳೆದುಕೊಂಡು ಜೈಲು ಸೇರಿದ. ಚಳವಳಿ ನೆರೆಯ ಇಬಿಬಿಯೊ ಜನರ ನಾಡಿಗೂ ಹಬ್ಬಿತು. ದೇಶೀ ನ್ಯಾಯಾಲಯಗಳು ಉರಿದವು. ಹೆಂಗಸರು ತಮ್ಮ ಪದ್ಧತಿಯಂತೆ ಕೋಲು, ಸೊಪ್ಪು ಹಿಡಿದು ಬಂದರೆ ಸೈನಿಕರು ಗುಂಡು ಹಾರಿಸಿದರು. ಐವತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಬ್ರಿಟಿಷರು ಅದನ್ನು ಅಲ್ಲಿನ ಅಬಾ ಪಟ್ಟಣದ ಹೆಸರಿನಲ್ಲಿ ಅಬಾ ಗಲಭೆ ಎಂದು ಬರೆದುಕೊಂಡರು, ಊರಿನವರಿಗೆ ಅದು ಹೆಂಗಸರ ಯುದ್ಧ. ಅದರ ಹೊಡೆತಕ್ಕೆ ವಾರಂಟ್ ಮುಖ್ಯಸ್ಥರ ವ್ಯವಸ್ಥೆ ಮುಂದಿನ ಕೆಲವೇ ವರ್ಷಗಳಲ್ಲಿ ಬದಲಾಯಿತು.

ಬದಲಾದ ವ್ಯವಸ್ಥೆಯಲ್ಲೂ ಅಧಿಕಾರ ಸಿಕ್ಕಿದ್ದು ಹೆಚ್ಚುಕಡಿಮೆ ಗಂಡಸರಿಗೇ. ಚರ್ಚು ಏಕಪತ್ನಿತ್ವ ತಂದಿತು. ಸವತಿಯ ಕಾಟ ತಪ್ಪಿತು, ಹೆಂಡತಿಯ ಪ್ರತ್ಯೇಕ ಗುಡಿಸಲೂ ಪ್ರತ್ಯೇಕ ಗಂಟೂ ಕರಗಿದವು. ಆಸ್ತಿಯ ಪ್ರಶ್ನೆ ಇತ್ಯರ್ಥಕ್ಕೆ ಬಂದದ್ದು ನ್ಯಾಯಾಲಯಗಳಲ್ಲಿ. ಗಂಡುಮಕ್ಕಳಿಲ್ಲದವನ ಆಸ್ತಿ ಹೆಣ್ಣುಮಕ್ಕಳನ್ನು ಬಿಟ್ಟು ಸಹೋದರನಿಗೋ ಅವನ ಮಗನಿಗೋ ಹೋಗುವ, ನ್ನೆವಿ ಎಂಬ ಊರಿನ ‘ಒಲಿ-ಎಕ್ಪೆ’ ಪದ್ಧತಿಯನ್ನು 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಖಂಡಿಸಿತು. 2014ರಲ್ಲಿ ಸುಪ್ರೀಂ ಕೋರ್ಟ್ ಉಕೆಜೆ ಪ್ರಕರಣದಲ್ಲಿ, ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿ ನಿರಾಕರಿಸುವ ಇಗ್ಬೋ ರೂಢಿ ಸಂವಿಧಾನಕ್ಕೆ ವಿರುದ್ಧವೆಂದಿತು. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ ಗಂಡುಮಗನಿಲ್ಲದ ಕಾರಣಕ್ಕೆ ವಿಧವೆಯನ್ನು ಮನೆಯಿಂದ ಹೊರಹಾಕುವಂತಿಲ್ಲ ಎಂದಿತು. ಹಳ್ಳಿಗಳಲ್ಲಿ ಆ ತೀರ್ಪುಗಳನ್ನು ಹಿಡಿದು ಅಣ್ಣತಮ್ಮಂದಿರ ಮುಂದೆ ನಿಲ್ಲುವ ಹೆಣ್ಣುಮಗಳು, ಅದರ ಜೊತೆಗೇ ತವರಿನ ಅಕ್ಕರೆಯನ್ನೂ ಪಣಕ್ಕಿಡುತ್ತಾಳೆ. ಪಾಲಿಲ್ಲದವಳೆಂಬ ಕಾರಣಕ್ಕೇ ಸಿಗುತ್ತಿದ್ದ ಗೌರವ, ಪಾಲು ಕೇಳಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದು ಈಗ ಮನೆಮನೆಯಲ್ಲಿ ಬೇರೆ ಬೇರೆಯಾಗಿ ತೀರ್ಮಾನವಾಗುತ್ತಿದೆ.

ಹೆಂಡತಿಯರ ಕೂಟ ಮಾತ್ರ ಹೊಸ ರೂಪದಲ್ಲಿ ದಷ್ಟಪುಷ್ಟವಾಗಿದೆ. ಪ್ರತಿ ಆಗಸ್ಟ್‌ನಲ್ಲಿ ಲಾಗೋಸ್, ಅಬುಜಾಗಳಿಂದ, ಕೆಲವರು ವಿದೇಶದಿಂದಲೂ, ಗಂಡನ ಹುಟ್ಟೂರಿಗೆ ಬರುತ್ತಾರೆ. ಇದಕ್ಕೆ ಆಗಸ್ಟ್ ಮೀಟಿಂಗ್ ಎಂದೇ ಹೆಸರು. ಒಂದೇ ಬಗೆಯ ಸೀರೆಯಂಥ ಉಡುಗೆ ಸುತ್ತಿ ಚರ್ಚಿನ ಆವರಣದಲ್ಲೋ ಊರ ಸಭಾಂಗಣದಲ್ಲೋ ಸೇರಿ ಚಂದಾ ಎತ್ತುತ್ತಾರೆ, ಲೆಕ್ಕಪತ್ರ ಒಪ್ಪಿಸುತ್ತಾರೆ, ಆರೋಗ್ಯ ಕೇಂದ್ರಕ್ಕೋ ಶಾಲೆಗೋ ಸಂತೆಕಟ್ಟೆಗೋ ಹಣ ಮಂಜೂರು ಮಾಡುತ್ತಾರೆ, ಮನೆಜಗಳಗಳನ್ನು ಬಗೆಹರಿಸುತ್ತಾರೆ. ಬಾರದವರಿಗೆ ಹಲವು ಊರುಗಳಲ್ಲಿ ದಂಡ ಬೀಳುತ್ತದೆ. ನಗರದಲ್ಲಿ ಕೆಲಸಕ್ಕಿರುವ ಎಷ್ಟೋ ಸೊಸೆಯರು ಪ್ರಯಾಣದ ಖರ್ಚು, ರಜೆಯ ತಾಪತ್ರಯ, ಬಟ್ಟೆಯ ಪೈಪೋಟಿ ಎಂದು ಗೊಣಗುತ್ತಲೇ ಜುಲೈ ಕೊನೆಯಲ್ಲಿ ಬಸ್ ಟಿಕೆಟ್ ಕಾದಿರಿಸುತ್ತಾರೆ.